ಎಂಡಿಎಸ್ ಎಂಬ ಮೂಳೆ ಮಜ್ಜೆಯ ಕಾಯಿಲೆಯಲ್ಲಿ ರಕ್ತ ಕಡಿಮೆಯಾದರೆ ಕಬ್ಬಿಣದ ಮಾತ್ರೆ ಸಾಕಾ?

ಸಾಕಾಗುವುದಿಲ್ಲ. ಬದಿಯಡ್ಕದ ನಮ್ಮ ಮನೆಯಲ್ಲೂ ಅಪ್ಪನಿಗೆ ಮೊದಲು ಅದನ್ನೇ ಕೊಟ್ಟಿದ್ದೆವು. ಅಡಿಕೆ ತೋಟದ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಉಗುರೆಲ್ಲ ಬಿಳಿಚಿತ್ತು. ಎಂಡಿಎಸ್‌ನಲ್ಲಿ ಸಾಮಾನ್ಯವಾಗಿ ಕೊರತೆ ಕಬ್ಬಿಣದ್ದಲ್ಲ. ಮಜ್ಜೆಯಲ್ಲಿ ಕೆಂಪು ಕಣಗಳು ಪೂರ್ತಿ ಬೆಳೆಯುವ ಮೊದಲೇ ಸಾಯುತ್ತವೆ. ಪದೇ ಪದೇ ರಕ್ತ ಹಾಕಿಸಿಕೊಂಡವರಿಗೆ ಕಬ್ಬಿಣ ಜಾಸ್ತಿಯೇ ಆಗುತ್ತದೆ, ಹಾಗಾಗಿ ಸುಮ್ನೆ ನುಂಗಿಸಬೇಡಿ.

ಅಪಾಯ ಕಡಿಮೆ ಇರುವ ಎಂಡಿಎಸ್‌ಗೆ ಹೆಚ್ಚಾಗಿ ಕೆಂಪು ಕಣ ಬೆಳೆಸುವ ಹಾರ್ಮೋನಾದ ಎರಿಥ್ರೋಪೊಯೆಟಿನ್ ಇಂಜೆಕ್ಷನ್‌ನಿಂದ ಶುರು ಮಾಡುತ್ತಾರೆ. ರಕ್ತದಲ್ಲಿ ಆ ಹಾರ್ಮೋನು ಲೀಟರಿಗೆ 500 ಯೂನಿಟ್‌ಗಿಂತ ಕಡಿಮೆ ಇದ್ದರೆ ಅದು ಕೆಲಸ ಮಾಡುವ ಸಾಧ್ಯತೆ ಜಾಸ್ತಿ. ಎರಡು ಮೂರು ತಿಂಗಳು ಕಾಯಬೇಕು. ಇನ್ನೊಂದು ಲಸ್ಪಾಟರ್‌ಸೆಪ್ಟ್, ಮೂರು ವಾರಕ್ಕೊಂದು ಚುಚ್ಚುಮದ್ದು. ಅಮೆರಿಕದಲ್ಲಿ 2020ರಲ್ಲಿ ಎಂಡಿಎಸ್‌ಗೆ ಒಪ್ಪಿಗೆ ಸಿಕ್ಕಿತು. ಐದನೇ ಕ್ರೋಮೋಸೋಮಿನ ತುಂಡು ಕಳಚಿದವರಿಗೆ ಲೆನಾಲಿಡೊಮೈಡ್ ಮಾತ್ರೆ ಇದೆ. ಮಂಗಳೂರಿಗೆ ತೋರಿಸಲು ಹೋದಾಗ ಆ ಹಾರ್ಮೋನಿನ ಮಟ್ಟ ಮತ್ತು ಕ್ರೋಮೋಸೋಮು, ಈ ಎರಡೂ ಟೆಸ್ಟ್ ಬಗ್ಗೆ ರಕ್ತರೋಗ ತಜ್ಞರನ್ನು ತಪ್ಪದೆ ಕೇಳಿ.