ಮಂಜೂರಾದ ದುಡ್ಡು ವಾಪಸ್ ಹೋದರೆ ಕೇಳುವವರು ಯಾರು?

ರೋಣ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮೂರ ಕೆರೆ ಹೂಳೆತ್ತೋಕೆ ಬಜೆಟ್‌ನಲ್ಲಿ ದುಡ್ಡು ಇಟ್ಟಿದ್ದಾರೆ ಅಂದ್ರು. ವರ್ಷ ಪೂರ್ತಿ ಕಚೇರಿಗೆ ಅಲೆದೆವು. ಏಪ್ರಿಲ್‌ನಲ್ಲಿ ಹೋದರೆ, ಮಾರ್ಚ್ 31ಕ್ಕೆ ದುಡ್ಡು ವಾಪಸ್ ಹೋಯ್ತು ಅಂದರು. ಸದನ ಒಪ್ಪಿದ ದುಡ್ಡನ್ನು ಹೀಗೆ ಬಿಟ್ಟುಬಿಡಬಹುದಾ?’

ಸಂಪಾದಕರ ಉತ್ತರ:

ಬಿಡಬಹುದು. ಹೇಳೋಕೆ ಬೇಸರ, ಆದರೆ ಕಾನೂನು ಇರುವುದು ಹಾಗೆ.

ಸಂವಿಧಾನದ 203ನೇ ವಿಧಿಯಂತೆ ಸರ್ಕಾರ ಇಲಾಖೆಗಳ ಖರ್ಚಿನ ಬೇಡಿಕೆಗಳನ್ನು ವಿಧಾನಸಭೆಯ ಮುಂದೆ ಇಡಬೇಕು. ಸಭೆ ಒಪ್ಪಬಹುದು, ಬೇಡ ಅನ್ನಬಹುದು, ಕಡಿಮೆ ಮಾಡಬಹುದು. ಆಮೇಲೆ ಖಜಾನೆಯಿಂದ ದುಡ್ಡು ತೆಗೆಯಲು ಒಪ್ಪಿಗೆ ಕೊಡುವ ಧನವಿನಿಯೋಗ ಮಸೂದೆ ಪಾಸಾಗಬೇಕು. ಆದರೆ ಈ ಒಪ್ಪಿಗೆಯ ಅರ್ಥ ‘ಇಷ್ಟರೊಳಗೆ ಖರ್ಚು ಮಾಡಿ’ ಎಂದು. ‘ಇಷ್ಟು ಖರ್ಚು ಮಾಡಲೇಬೇಕು’ ಎಂದಲ್ಲ. ಒಪ್ಪಿದ್ದಕ್ಕಿಂತ ಜಾಸ್ತಿ ಬೇಕಾದರೆ 205ನೇ ವಿಧಿಯಂತೆ ಮತ್ತೆ ಸದನಕ್ಕೆ ಬರಬೇಕು. ಖರ್ಚೇ ಮಾಡದಿದ್ದರೆ? ಬರಬೇಕಾಗಿಲ್ಲ. ನಿಮ್ಮ ಕೆರೆ ಸಿಕ್ಕಿಕೊಂಡಿರುವುದು ಈ ಸಂದಿಯಲ್ಲಿ.

ಅಮೆರಿಕದಲ್ಲೂ ಈ ಜಗಳ ಆಗಿದೆ, ಅದೂ ನೀರಿನ ವಿಷಯಕ್ಕೇ. ಕೊಳಚೆ ನೀರು ಶುದ್ಧ ಮಾಡೋಕೆ 1972ರಲ್ಲಿ ಅಲ್ಲಿನ ಸಂಸತ್ತು ಕೊಟ್ಟ ದುಡ್ಡಿನ ದೊಡ್ಡ ಪಾಲನ್ನು ಅಧ್ಯಕ್ಷ ನಿಕ್ಸನ್ ತಡೆಹಿಡಿದರು. ಸಂಸತ್ತು 1974ರಲ್ಲಿ ಕಾನೂನು ತಂದಿತು. ಖರ್ಚು ಬೇಡ ಅನ್ನಿಸಿದರೆ ಅಧ್ಯಕ್ಷರು ಕಾರಣ ಬರೆದು ತಿಳಿಸಬೇಕು. ಅಧಿವೇಶನದ 45 ದಿನಗಳೊಳಗೆ ಸಂಸತ್ತು ಒಪ್ಪದಿದ್ದರೆ ದುಡ್ಡು ಬಿಡುಗಡೆ ಮಾಡಬೇಕು. ಜಗಳ ಅಲ್ಲಿ ಇನ್ನೂ ನಿಂತಿಲ್ಲ. ಆದರೆ ಹೇಳದೆ ಕೇಳದೆ ಬಿಟ್ಟುಬಿಡುವುದು ತಪ್ಪು ಅಂತ ಬರವಣಿಗೆಯಲ್ಲಿದೆ.

ನಮ್ಮಲ್ಲಿ? ನಿಮ್ಮ ಪತ್ರ ಓದಿದ ಮೇಲೆ, ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ಧನವಿನಿಯೋಗ ಲೆಕ್ಕಗಳನ್ನು ತೆಗೆದು ಕೂತೆ. ಒಂದೊಂದು ಬೇಡಿಕೆಗೂ ಮೂಲ ಮಂಜೂರಾತಿ, ಪೂರಕ ಮಂಜೂರಾತಿ, ಖರ್ಚು, ಉಳಿಕೆ ಎಂದು ಸಾಲು ಸಾಲಾಗಿ ಕೊಟ್ಟಿರುತ್ತಾರೆ. ಕೆಳಗೆ ಉಳಿಕೆಗೆ ಕಾರಣ. ಆ ಜಾಗದಲ್ಲಿ ಮತ್ತೆ ಮತ್ತೆ ಸಿಗುವ ಮಾತು ‘ಕಾರಣ ತಿಳಿಸಿಲ್ಲ’. ಓದುತ್ತಾ ಹೋದಂತೆ ಸಿಟ್ಟು ಬರುತ್ತದೆ. ಲೆಕ್ಕ ನೋಡುವ ಸಿಎಜಿಗೇ ಇಲಾಖೆ ಕಾರಣ ಹೇಳುವುದಿಲ್ಲ ಅಂದರೆ ನಿಮಗೆ ಹೇಳುತ್ತದೆಯೇ?

ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಕಟ್ಟಿದ ಜಿಲ್ಲೆ ನಮ್ಮದು. ಸೊಸೈಟಿಯ ವಾರ್ಷಿಕ ಸಭೆ ಹೇಗೆ ನಡೆಯುತ್ತದೆ ಅಂತ ನಿಮಗೆ ಗೊತ್ತು. ಮೊದಲು ಹೋದ ವರ್ಷದ ಜಮಾ-ಖರ್ಚು, ಆಮೇಲೆ ಮುಂದಿನ ವರ್ಷದ ಅಂದಾಜು. ಹಿಂದೆ ಕೂತ ಅಜ್ಜ ಎದ್ದು ‘ಗೋದಾಮು ರಿಪೇರಿಗೆ ಇಟ್ಟಿದ್ದು ಎಲ್ಲಿ ಹೋತ್ರೀ?’ ಅಂದರೆ ಕಾರ್ಯದರ್ಶಿ ನಿಂತು ಹೇಳಬೇಕು. ವಿಧಾನಸಭೆಯಲ್ಲಿ ಹೊಸ ಬಜೆಟ್‌ಗೆ ದಿನಗಟ್ಟಲೆ ಮಾತು. ಹಿಂದಿನ ವರ್ಷದ ಪಕ್ಕಾ ಲೆಕ್ಕ ಬರುವಷ್ಟರಲ್ಲಿ ಹೊಸ ಬಜೆಟ್ ಪಾಸಾಗಿರುತ್ತದೆ. ಲೆಕ್ಕ ಆಮೇಲೆ ಶಾಸಕರೇ ಇರುವ ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ ಹೋಗುತ್ತದೆ. ವಿರೋಧ ಪಕ್ಷದವರನ್ನು ಅದರ ಅಧ್ಯಕ್ಷರನ್ನಾಗಿ ಮಾಡುವ ಒಳ್ಳೆಯ ಪದ್ಧತಿ ಇದೆ. ಆದರೆ ಸಮಿತಿ ಕರೆದು ಕೇಳುವ ಹೊತ್ತಿಗೆ ಆ ಅಧಿಕಾರಿಗೆ ವರ್ಗವಾಗಿರಬಹುದು. ಕೆರೆಯಲ್ಲಿ ಇನ್ನೆರಡು ಮಳೆಗಾಲದ ಹೂಳು ತುಂಬಿರುತ್ತದೆ.

ಅದಕ್ಕೇ ಈ ಪ್ರಶ್ನೆ ವರ್ಷದ ನಡುವೆಯೇ ಏಳಬೇಕು ಅನ್ನುವುದು ನನ್ನ ಮಾತು. ಬೆಳಗಾವಿಯ ಚಳಿಗಾಲದ ಅಧಿವೇಶನ ಸರಿಯಾದ ಹೊತ್ತು. ಮಾರ್ಚ್‌ಗೆ ಇನ್ನೂ ಮೂರು ತಿಂಗಳು ಇರುತ್ತದೆ. ಪೂರಕ ಅಂದಾಜು ತಂದು ಇನ್ನಷ್ಟು ದುಡ್ಡು ಕೇಳುವ ಮಂತ್ರಿ, ಆಗಲೇ ಕೊಟ್ಟಿದ್ದರಲ್ಲಿ ಎಷ್ಟು ಉಳಿದಿದೆ, ಯಾಕೆ ಉಳಿದಿದೆ ಅಂತಲೂ ಸದನಕ್ಕೆ ಹೇಳಲಿ.

ನೀವು ಈಗ ಮಾಡಬಹುದಾದ್ದು ಇದು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಆ ಕಾಮಗಾರಿಯ ಲೆಕ್ಕ ಶೀರ್ಷಿಕೆ, ಅಂದರೆ ಬಜೆಟ್‌ನಲ್ಲಿ ದುಡ್ಡು ಇಟ್ಟ ಖಾತೆಯ ಹೆಸರು-ಸಂಖ್ಯೆ, ಕೇಳಿ. ದುಡ್ಡು ವಾಪಸ್ ಕಳಿಸಿದ ಆದೇಶದ ಪ್ರತಿಯನ್ನೂ ಕೇಳಿ. ಶೀರ್ಷಿಕೆ ಮುಖ್ಯ. ಅದಿಲ್ಲದಿದ್ದರೆ ‘ಬೇರೆ ಲೆಕ್ಕದಲ್ಲಿದೆ’ ಅಂತ ಸಾಗಹಾಕುತ್ತಾರೆ. ಅದನ್ನು ನಿಮ್ಮ ಶಾಸಕರಿಗೆ ಕೊಟ್ಟು, ಚುಕ್ಕೆ ಗುರುತಿನ ಪ್ರಶ್ನೆ ಹಾಕಿಸಿ. ಆಗ ಮಂತ್ರಿಯೇ ಸದನದಲ್ಲಿ ಉತ್ತರ ಕೊಡಬೇಕಾಗುತ್ತದೆ. ಆ ಉತ್ತರ ನಮಗೂ ಕಳಿಸಿ, ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.