2,14,74,83,647 ಅವಿಭಾಜ್ಯ ಸಂಖ್ಯೆಯೇ? ಇದರಲ್ಲಿ ಏನು ವಿಶೇಷ?

ಹೌದು, ಅವಿಭಾಜ್ಯವೇ. 2ರ 31ನೇ ಘಾತದಿಂದ 1 ಕಳೆದರೆ ಇದೇ ಸಿಗುತ್ತದೆ. ಇಂಥವನ್ನು ಮರ್ಸೆನ್ ಅವಿಭಾಜ್ಯಗಳು ಅಂತ ಕರೆಯುತ್ತಾರೆ.

ಇದು ಅವಿಭಾಜ್ಯ ಅಂತ 1772ರ ಹೊತ್ತಿಗೇ ಗಣಿತಜ್ಞ ಆಯ್ಲರ್ ತೋರಿಸಿದ್ದರು, ಅದೂ ಕೈಲೆಕ್ಕದಲ್ಲಿ! ಇದರ ವರ್ಗಮೂಲ 46,340ಕ್ಕಿಂತ ತುಸು ಜಾಸ್ತಿ. ಅಲ್ಲಿಯವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಆದರೆ ಅವೇ ಸುಮಾರು 4,800 ಇವೆ, ಸುಮ್ನೆ ಆಗುವ ಕೆಲಸ ಅಲ್ಲ. ಇಲ್ಲೊಂದು ಜಾಣತನವಿದೆ: ಇದನ್ನು ಭಾಗಿಸುವ ಅವಿಭಾಜ್ಯ ಯಾವುದಾದರೂ ಇದ್ದರೆ, ಅದನ್ನು 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಬರಲೇಬೇಕು. ಈ ಒಂದೇ ನಿಯಮದಿಂದ ಹೆಚ್ಚಿನವು ಉದುರಿಹೋಗುತ್ತವೆ. ಉಳಿದವುಗಳಲ್ಲಿ ಒಂದೂ ಭಾಗಿಸುವುದಿಲ್ಲ.

ಇದನ್ನು 2ರ 30ನೇ ಘಾತದಿಂದ ಗುಣಿಸಿದರೆ ಪರಿಪೂರ್ಣ ಸಂಖ್ಯೆ ಬರುತ್ತದೆ, ಅಂದರೆ ತನ್ನನ್ನು ಬಿಟ್ಟು ಉಳಿದೆಲ್ಲ ಭಾಜಕಗಳ ಮೊತ್ತಕ್ಕೆ ಸಮನಾದ ಸಂಖ್ಯೆ. ಪ್ರೋಗ್ರಾಮರ್‌ಗಳಿಗೆ ಇದು ಬೇರೆ ಕಾರಣಕ್ಕೆ ಗೊತ್ತು: ಕಂಪ್ಯೂಟರಿನಲ್ಲಿ ಚಿಹ್ನೆಸಹಿತ (ಧನ, ಋಣ ಎರಡೂ ಆಗಬಲ್ಲ) 32 ಬಿಟ್ ಪೂರ್ಣಾಂಕದ ಗರಿಷ್ಠ ಬೆಲೆ ಇದೇ.