ಓದುಗರ ಪ್ರಶ್ನೆ: ನಮ್ಮ ಟಿಕೆಟಿನ ವಿವರ ಬೇರೆ ದೇಶದ ಸರಕಾರಕ್ಕೇಕೆ?

ಪ್ರಶ್ನೆ: ಮಗಳ ಬಾಣಂತನಕ್ಕೆಂದು ನಾವು ದಂಪತಿ ಮುಂಬಯಿಯಿಂದ ಅಮೆರಿಕಕ್ಕೆ ಹೊರಟಿದ್ದೇವೆ. ಟಿಕೆಟಿಗೆ ಕೊಟ್ಟ ವಿವರಗಳೆಲ್ಲ ಎರಡೂ ಸರಕಾರಗಳಿಗೆ ಹೋಗುತ್ತವೆ ಎಂದು ಏಜೆಂಟರು ಹೇಳಿದರು. ಇದು ನಿಜವೇ? ನಮ್ಮಂಥವರು ಹೆದರಬೇಕೇ?
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ನಿಜ. 2022ರ ಆಗಸ್ಟ್‌ನಲ್ಲಿ ಭಾರತದ ಕಸ್ಟಮ್ಸ್ ಕಾಯ್ದೆಯಡಿ ಹೊರಡಿಸಿದ ನಿಯಮಾವಳಿಯಂತೆ ವಿಮಾನ ಕಂಪನಿಗಳು ಪ್ರಯಾಣಿಕರ ಹೆಸರು, ಫೋನ್ ನಂಬರು, ಹಣ ಪಾವತಿಯ ವಿವರ, ಪ್ರಯಾಣದ ಮಾರ್ಗ ಮೊದಲಾದವನ್ನು ವಿಮಾನ ಹೊರಡುವ 24 ಗಂಟೆ ಮೊದಲೇ ಕಸ್ಟಮ್ಸ್ ಇಲಾಖೆಗೆ ಒಪ್ಪಿಸಬೇಕು; ಅವನ್ನು ಐದು ವರ್ಷ ಇಟ್ಟುಕೊಳ್ಳಲು, ಪ್ರಕರಣವನ್ನು ನೋಡಿ ಪರದೇಶದ ಸಂಸ್ಥೆಗಳಿಗೆ ಕೊಡಲು ಅವಕಾಶವಿದೆ. ಅಮೆರಿಕವೂ ತನ್ನ ಕಾನೂನಿನಂತೆ ಇಂಥ ವಿವರಗಳನ್ನು ಪಡೆಯುತ್ತದೆ. ಭಯೋತ್ಪಾದಕರ ಕುರಿತ ಮಾಹಿತಿ ವಿನಿಮಯಕ್ಕೆ 2016ರ ಜೂನ್‌ನಲ್ಲಿ ಎರಡೂ ದೇಶಗಳು ಸಹಿ ಹಾಕಿವೆ.

ಇಂಥ ಸಹಕಾರ ಬೇಡವೆಂದು ಮುಂಬಯಿಯವರು ಹೇಳಲಾರರು. ದಾವೂದ್ ಗಿಲಾನಿ ಎಂಬಾತ 2006ರಲ್ಲಿ ಡೇವಿಡ್ ಹೆಡ್ಲಿ ಎಂದು ಹೆಸರು ಬದಲಿಸಿಕೊಂಡು, ಅಮೆರಿಕದ ಪಾಸ್‌ಪೋರ್ಟಿನಲ್ಲಿ ಮತ್ತೆ ಮತ್ತೆ ಇಲ್ಲಿಗೆ ಬಂದು, 2008ರ ದಾಳಿಗೆ ಜಾಗಗಳನ್ನು ನೋಡಿಟ್ಟು ಹೋದ.

ಆದರೆ ತಪ್ಪು ಮಾಹಿತಿಯೂ ಅಷ್ಟೇ ಸಲೀಸಾಗಿ ಗಡಿ ದಾಟುತ್ತದೆ, ಮತ್ತು ನನ್ನ ನಿಜವಾದ ಆತಂಕ ಇರುವುದು ಅಲ್ಲಿಯೇ. ಕೆನಡಾದ ಪ್ರಜೆ ಮಹೆರ್ ಅರಾರ್ ಅವರ ಬಗ್ಗೆ ಅಲ್ಲಿನ ಪೊಲೀಸರು ಅಮೆರಿಕಕ್ಕೆ ತಪ್ಪು ಮಾಹಿತಿ ಕೊಟ್ಟಿದ್ದರು. 2002ರಲ್ಲಿ ನ್ಯೂಯಾರ್ಕಿನ ವಿಮಾನ ನಿಲ್ದಾಣದಲ್ಲಿ ಅವರನ್ನು ತಡೆದು ಸಿರಿಯಾಕ್ಕೆ ಸಾಗಿಸಲಾಯಿತು. ಅಲ್ಲಿ ಅವರು ಸುಮಾರು ಒಂದು ವರ್ಷ ಸೆರೆಯಲ್ಲಿ ಚಿತ್ರಹಿಂಸೆ ಅನುಭವಿಸಿದರು. ಕೆನಡಾ ಸರಕಾರ ಕ್ಷಮೆ ಕೇಳಿ ಪರಿಹಾರ ಕೊಟ್ಟಿದ್ದು 2007ರಲ್ಲಿ. ಹಾಗಾಗಿ, ನಮ್ಮ ಮಾಹಿತಿ ಯಾರ ಕೈ ಸೇರಿತೆಂದು ತಿಳಿಯುವ, ತಪ್ಪಿದ್ದರೆ ತಿದ್ದಿಸುವ ಹಕ್ಕು ಪರದೇಶದವರಿಗೂ ಇರಲೇಬೇಕು. ಬೆಂಗಳೂರಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆದರೂ 2023ರ ದತ್ತಾಂಶ ರಕ್ಷಣಾ ಕಾಯ್ದೆ ಭದ್ರತೆಯ ಹೆಸರಿನಲ್ಲಿ ಸರಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡಲು ಅವಕಾಶವಿಟ್ಟಿದೆ. ಇದು ಸರಿಯಲ್ಲ.

ನೀವು ಹೆದರಬೇಕಾಗಿಲ್ಲ, ಆದರೆ ಹೆಸರಿನ ಬಗ್ಗೆ ಎಚ್ಚರ ಬೇಕು. ಊರಿನ ದಾಖಲೆಯಲ್ಲಿ ಬರೀ ಇನಿಶಿಯಲ್, ಇಲ್ಲಿನ ಕಾಗದಪತ್ರಗಳಲ್ಲಿ ನಡುವೆ ತಂದೆಯ ಅಥವಾ ಗಂಡನ ಹೆಸರು, ಹೀಗೆ ಮುಂಬಯಿ ಕನ್ನಡಿಗರಲ್ಲಿ ಅನೇಕರಿಗೆ ಎರಡು ಬಗೆಯ ಹೆಸರುಗಳಿರುತ್ತವೆ. ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಟಿಕೆಟಿನಲ್ಲೂ ಇರಲಿ. ಹೆಸರಿನ ಹೋಲಿಕೆಯಿಂದ ಪದೇ ಪದೇ ತಡೆದರೆ ಅಮೆರಿಕದ ಗೃಹಭದ್ರತಾ ಇಲಾಖೆಗೆ ಪ್ರಯಾಣಿಕರು ದೂರು ಸಲ್ಲಿಸಬಹುದು. ಆಗ ಸಿಗುವ ದೂರಿನ ಸಂಖ್ಯೆಯನ್ನು ಮುಂದಿನ ಟಿಕೆಟ್ ಮಾಡಿಸುವಾಗ ನಮೂದಿಸಿ.